ಹೊಸ ಪಾಡ್‌ಕಾಸ್ಟ್‌ಗೆ ನಮ್ಮದೇ ನೆಲೆ ಯಾವುದು?

ಠಾಕುರ್ಲಿ, ಡೊಂಬಿವಲಿ, ಕಲ್ಯಾಣ ಪರಿಸರದ ಕನ್ನಡಿಗರಲ್ಲಿ ನಮ್ಮದೇ ಒಂದು ಪಾಡ್‌ಕಾಸ್ಟ್ ಇರಬೇಕೆಂಬ ಆಸೆ ಮೂಡುವುದು ಸಹಜ. ಒಂದು ಮೊಬೈಲ್ ಹಾಗೂ ಸದ್ದಿಲ್ಲದ ಕೋಣೆ ಇದ್ದರೆ ಧ್ವನಿಮುದ್ರಣಕ್ಕೆ ತೊಡಗಬಹುದು. ಆದರೆ ಯಾರಿಗಾಗಿ, ಯಾವ ವಿಷಯ ಎಂಬುದನ್ನು ಮೊದಲೇ ನಿಶ್ಚಯಿಸದಿದ್ದರೆ ನಾಲ್ಕಾರು ಕಂತುಗಳಲ್ಲಿಯೇ ಉತ್ಸಾಹ ಬತ್ತುತ್ತದೆ.

1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಬಾನುಲಿಯು ಒಂದೇ ವೇಳೆಗೆ ಎಲ್ಲರನ್ನೂ ಉದ್ದೇಶಿಸಿ ಮಾತನಾಡಬೇಕು. 2004ರಲ್ಲಿ ಹೆಸರು ಪಡೆದ ಪಾಡ್‌ಕಾಸ್ಟ್‌ಗೆ ಆ ಕಟ್ಟುಪಾಡಿಲ್ಲ. ಕೇಳುಗರು ತಮಗೆ ಬೇಕಾದುದನ್ನು ಬಿಡುವಾದಾಗ ಆರಿಸಿಕೊಳ್ಳುತ್ತಾರೆ. ಆದ್ದರಿಂದಲೇ ಇಲ್ಲಿ ವಿಷಯದ ವ್ಯಾಪ್ತಿ ಕಿರಿದಾದಷ್ಟೂ ಕೇಳುಗರ ನಂಟು ಗಟ್ಟಿಯಾಗುತ್ತದೆ.

ಇದಕ್ಕೆ ನಿದರ್ಶನ ದೂರದಲ್ಲಿಲ್ಲ. ಮುಂಬಯಿಯ ಐವಿಎಂ ಪಾಡ್‌ಕಾಸ್ಟ್ಸ್ ಸಂಸ್ಥೆಯ ಮೂಲಕ 2018ರಲ್ಲಿ ‘ತಲೆ-ಹರಟೆ’ ಎಂಬ ಕನ್ನಡ ಪಾಡ್‌ಕಾಸ್ಟ್ ಆರಂಭವಾಯಿತು. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮೊದಲಾದವರು ಗಂಭೀರ ವಿಷಯಗಳನ್ನು ಮನೆಮಾತಿನ ಕನ್ನಡದಲ್ಲಿ ಹರಟೆಯಂತೆ ಚರ್ಚಿಸಿದರು. ಅದು ಅವರು ಕಂಡುಕೊಂಡ ನೆಲೆ. ಅದನ್ನೇ ಅನುಕರಿಸಿದರೆ ನಮ್ಮದು ಎರಡನೆಯ ಪ್ರತಿಯಾದೀತೇ ಹೊರತು ಹೊಸತಾಗದು.

ಹಾಗಾದರೆ ನಮ್ಮಲ್ಲಿ ಮಾತ್ರ ಇರುವುದೇನು? ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಅನೇಕ ಮಕ್ಕಳಿಗೆ ಕನ್ನಡ ಕಿವಿಗೆ ಅರ್ಥವಾಗುತ್ತದೆ, ಕಣ್ಣಿಗೆ ಅಲ್ಲ. ಅಕ್ಷರ ಬಾರದವರಿಗೆ ಪುಸ್ತಕ ಕೊಟ್ಟರೆ ಫಲವಿಲ್ಲ. ಧ್ವನಿ ಕೊಟ್ಟರೆ ತಲುಪುತ್ತದೆ. ಇತ್ತ ಹೋಟೆಲುಗಳಲ್ಲಿ ದುಡಿಯುತ್ತಾ ರಾತ್ರಿಶಾಲೆಯಲ್ಲಿ ಓದಿ, ಅನಂತರ ಮನೆ ಕೈಗೆಟುಕುವ ಈ ಉಪನಗರಗಳಿಗೆ ಬಂದು ನೆಲೆಸಿದ ಹಿರಿಯರ ಅನುಭವ ಬರಹಕ್ಕೆ ಇಳಿದದ್ದು ಅಲ್ಪ. ಹೇಳಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿದೆ. ಹಿರಿಯರ ಮಾತನ್ನು ಓದಲು ಬಾರದ ಕಿರಿಯರಿಗೆ ಮುಟ್ಟಿಸುವುದೇ ನಮಗೆ ಒದಗಿರುವ ನೆಲೆಯೆಂದು ನಮ್ಮ ಅಭಿಪ್ರಾಯ. ಕರಾವಳಿಯ ಕನ್ನಡ, ಧಾರವಾಡದ ಕನ್ನಡ ಎಲ್ಲವೂ ಅದರಲ್ಲಿ ಇದ್ದಂತೆಯೇ ಕೇಳಿಬರಲಿ.

ಆಯ್ದ ವಿಷಯ ಗಟ್ಟಿಯೇ ಎಂದು ತಿಳಿಯಲು ಮೂರು ಪರೀಕ್ಷೆಗಳಿವೆ. ಮೊದಲನೆಯದು, ಕೇಳುಗನನ್ನು ಒಂದೇ ವಾಕ್ಯದಲ್ಲಿ ವರ್ಣಿಸಲು ಸಾಧ್ಯವೇ? ‘ಎಲ್ಲ ಕನ್ನಡಿಗರು’ ಎಂಬ ಉತ್ತರ ಸಾಲದು. ಎರಡನೆಯದು, ಹತ್ತು ಕಂತುಗಳ ಶೀರ್ಷಿಕೆಗಳನ್ನು ಒಂದೇ ಸಂಜೆ ಬರೆಯಬಲ್ಲೆವೇ? ಆರಕ್ಕೇ ನಿಂತರೆ ವಿಷಯ ತೀರಾ ಇಕ್ಕಟ್ಟು. ಮೂರನೆಯದು, ಅವರು ಯಾವಾಗ ಕೇಳುತ್ತಾರೆ? ಠಾಕುರ್ಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ಗೆ ನಿಧಾನಗತಿಯ ಲೋಕಲ್‌ನಲ್ಲಿ ಒಂದು ಗಂಟೆಗೂ ಮೀರಿದ ಪಯಣ. ನೂಕುನುಗ್ಗಲಿನಲ್ಲಿ ಪುಸ್ತಕ ಬಿಡಿಸುವುದು ಕಷ್ಟ, ಕೇಳುವುದು ಸುಲಭ. ಇಪ್ಪತ್ತೈದು ನಿಮಿಷದ ಕಂತು ಆ ಪಯಣಕ್ಕೆ ಒಪ್ಪುತ್ತದೆ.

ಮೊದಲ ಮೂರು ಕಂತುಗಳನ್ನು ಪ್ರಕಟಿಸುವ ಮುನ್ನ ಹತ್ತು ಮನೆಗಳಲ್ಲಿ ಕೇಳಿಸಿ, ಮಕ್ಕಳು ಎಲ್ಲಿ ಕಿವಿಯಿಂದ ಇಯರ್‌ಫೋನ್ ತೆಗೆದರೆಂದು ಗಮನಿಸುವುದು ಒಳಿತು. ಹಿರಿಯರ ಒಪ್ಪಿಗೆ ಪಡೆದು, ಮೂಲ ಧ್ವನಿಯನ್ನು ಪೂರ್ಣವಾಗಿ ಜೋಪಾನವಾಗಿಡಬೇಕು. ಕೇಳುಗರು ನೂರೇ ಮಂದಿಯಾದರೂ ಚಿಂತೆಯಿಲ್ಲ. ಆ ನೂರರಲ್ಲಿ ನಮ್ಮ ಮೊಮ್ಮಕ್ಕಳಿದ್ದರೆ ಶ್ರಮ ಸಾರ್ಥಕ. ಬರುವ ರವಿವಾರ ಮನೆಯ ಹಿರಿಯರೊಬ್ಬರ ಎದುರು ಮೊಬೈಲ್ ಇರಿಸಿ, ಈ ಊರಿಗೆ ಬಂದ ಬಗೆಯನ್ನು ಕೇಳುವುದರಿಂದಲೇ ಶುಭಾರಂಭವಾಗಲಿ.