ಸಿ.ಡಿ.ಯಿಂದ ತೆಗೆದ ಸಂಗೀತದ ಪಾಠಶುದ್ಧಿ

ಐಹೊಳೆಯ ಮೇಗುಟಿಯಲ್ಲಿರುವ ರವಿಕೀರ್ತಿಯ ಶಾಸನವನ್ನು (ಕ್ರಿ.ಶ. ೬೩೪-೩೫) ಮೊದಲು ಫ್ಲೀಟ್ ಮಹಾಶಯರು ಪ್ರಕಟಿಸಿದ್ದರೂ, ಕೀಲ್‌ಹಾರ್ನ್ ಪಂಡಿತರು ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಮತ್ತೊಮ್ಮೆ ಸಂಪಾದಿಸಿದರು. ಪಡಿಯಚ್ಚನ್ನು ಕಲ್ಲಿನೊಡನೆಯೂ, ಒಂದು ಪಾಠವನ್ನು ಮತ್ತೊಂದರೊಡನೆಯೂ ತಾಳೆನೋಡುವುದು ಇತಿಹಾಸಾಭ್ಯಾಸಿಗೆ ಹೊಸತಲ್ಲ. ಧ್ವನಿಯ ಪ್ರತಿಗಳ ವಿಷಯದಲ್ಲಿ ಮಾತ್ರ ನಾವು ಈ ಎಚ್ಚರವನ್ನು ತೋರುತ್ತಿಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆ ಶ್ರೀಕೃಷ್ಣಪಾರಿಜಾತದ ಪದಗಳನ್ನೂ ಭಜನೆಗಳನ್ನೂ ಮನೆಯಲ್ಲಿಯೇ ಸಿ.ಡಿ.ಗೆ ಬರೆಸಿಟ್ಟುಕೊಂಡವರುಂಟು. ಇಂಥ ಸಿ.ಡಿ.ಯ ಬರಹ ನಿಂತಿರುವುದು ಒಂದು ತೆಳುವಾದ ಬಣ್ಣದ ಲೇಪದ ಮೇಲೆ. ಬಿಸಿಲಿಗೂ ಕಾವಿಗೂ ಅದು ಕೆಡುತ್ತದೆ. ಆದುದರಿಂದ ಅದನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳುವುದು ಅವಶ್ಯ. ಆದರೆ ಇಳಿಸಿದ ಪ್ರತಿ ಮೂಲಕ್ಕೆ ಸರಿಯಾಗಿದೆಯೆಂದು ತಿಳಿಯುವುದೆಂತು?

ಕಿವಿಯಿಂದ ಕೇಳಿ ಸರಿಯೆನ್ನುವಂತಿಲ್ಲ. ಸಿ.ಡಿ.ಯಲ್ಲಿ ಧ್ವನಿಯು ಪ್ರತಿ ಸೆಕೆಂಡಿಗೆ ೪೪,೧೦೦ ಮಾದರಿಗಳಂತೆ ಅಂಕಿಗಳ ರೂಪದಲ್ಲಿದೆ. ಸೆಕೆಂಡಿಗೆ ೭೫ ಖಂಡಗಳು. ಒಂದೊಂದರಲ್ಲಿ ೨,೩೫೨ ಬೈಟುಗಳು. ದಾಖಲೆ ಪತ್ರಗಳನ್ನಿಡುವ ಸಿ.ಡಿ.ಯಲ್ಲಾದರೆ ಇವುಗಳಲ್ಲಿ ೨,೦೪೮ ಮಾತ್ರ ವಿಷಯಕ್ಕೆ ಮೀಸಲು. ಉಳಿದವು ಗುರುತಿಗೂ ತಪ್ಪು ತಿದ್ದುವುದಕ್ಕೂ ಇವೆ. ಸಂಗೀತದ ಸಿ.ಡಿ.ಯಲ್ಲಿ ಅಷ್ಟೂ ಸಂಗೀತಕ್ಕೇ ಸಂದಿವೆ. ತಪ್ಪು ತಿದ್ದುವ ಮೊದಲ ಏರ್ಪಾಡು ಅಲ್ಲಿಯೂ ಉಂಟು; ಅದರ ಕೈಮೀರಿದ ಗೀರು ಎದುರಾದರೆ ಯಂತ್ರವು ಅಕ್ಕಪಕ್ಕದ ಅಂಕಿಗಳನ್ನು ನೋಡಿ ನಡುವಿನದನ್ನು ಊಹಿಸಿ ತುಂಬಿಬಿಡುತ್ತದೆ. ಶಾಸನ ಸಂಪಾದಕನು ಅಳಿದ ಅಕ್ಷರವನ್ನು ಊಹಿಸಿದರೆ ಚೌಕ ಕಂಸದಲ್ಲಿಡುತ್ತಾನೆ. ಯಂತ್ರಕ್ಕೆ ಆ ಸೌಜನ್ಯವಿಲ್ಲ. ಕೇಳುವವನಿಗೆ ತೇಪೆ ತಿಳಿಯುವುದೂ ಇಲ್ಲ.

ಈ ಕಾರಣದಿಂದ ಜರ್ಮನಿಯ ಆಂಡ್ರೆ ವೀತ್‌ಹಾಫ್ ರಚಿಸಿದ ‘ಎಗ್ಸಾಕ್ಟ್ ಆಡಿಯೋ ಕಾಪಿ’ಯಂಥ ತಂತ್ರಾಂಶಗಳು ಒಂದೇ ಭಾಗವನ್ನು ಎರಡು ಸಲ ಓದಿ ಹೋಲಿಸುತ್ತವೆ, ಹೊಂದದಿದ್ದರೆ ಮತ್ತೆ ಮತ್ತೆ ಓದುತ್ತವೆ. ಇಲ್ಲೊಂದು ಸೂಕ್ಷ್ಮವುಂಟು. ಓದುವ ಯಂತ್ರಕ್ಕೆ ತಾತ್ಕಾಲಿಕ ನೆನಪಿರುತ್ತದೆ. ಎರಡನೆಯ ಸಲ ಕೇಳಿದಾಗ ಅದು ತಟ್ಟೆಯನ್ನು ನೋಡದೆ ನೆನಪಿನಿಂದಲೇ ಉತ್ತರಿಸಬಹುದು. ಒಬ್ಬನೇ ಸಾಕ್ಷಿ ಎರಡು ಸಲ ನುಡಿದರೆ ಇಬ್ಬರು ಸಾಕ್ಷಿಗಳಾಗುವುದಿಲ್ಲವಷ್ಟೆ! ಒಂದೇ ಮಾತೃಕೆಯಿಂದ ಇಳಿದ ಎರಡು ಓಲೆಪ್ರತಿಗಳ ತಪ್ಪು ಒಂದೇ ಆಗಿರುವಂತೆ, ಇಲ್ಲಿಯೂ ಹೊಂದಾಣಿಕೆಯೇ ಸತ್ಯಕ್ಕೆ ಪ್ರಮಾಣವಲ್ಲ. ಆ ನೆನಪನ್ನು ಬರಿದುಮಾಡಿಯೇ ಮರಳಿ ಓದಿಸತಕ್ಕದ್ದು.

ಸ್ವತಂತ್ರ ಸಾಕ್ಷ್ಯವನ್ನು ಒದಗಿಸುವುದು ‘ಅಕ್ಯುರೇಟ್‌ರಿಪ್’ ಎಂಬ ಸಂಗ್ರಹ. ಬೇರೆ ಬೇರೆ ಊರಿನವರು, ಬೇರೆ ಬೇರೆ ಯಂತ್ರಗಳಿಂದ, ಅದೇ ಅಚ್ಚಿನ ತಮ್ಮ ತಮ್ಮ ಸಿ.ಡಿ.ಗಳನ್ನು ಓದಿ ಪಡೆದ ತಾಳೆಸಂಖ್ಯೆಗಳು ಅದರಲ್ಲಿ ಸೇರಿವೆ. ನಮ್ಮ ಸಂಖ್ಯೆಯು ಅವರದರೊಡನೆ ಕೂಡಿದರೆ, ಎಲ್ಲರ ತಟ್ಟೆಯಲ್ಲಿಯೂ ಒಂದೇ ಗೀರು ಇರಲಾರದಾದ್ದರಿಂದ, ಪ್ರತಿಯು ಶುದ್ಧವೆನ್ನಬಹುದು. ಆದರೆ ಪ್ರತಿಯೊಂದು ಮಾದರಿಯ ಯಂತ್ರವೂ ಓದನ್ನು ತುಸು ಮುಂಚೆಯೋ ತುಸು ತಡವಾಗಿಯೋ ಆರಂಭಿಸುತ್ತದೆ. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವಾಗ ಒಂದು ಕೊಂಡಿ ಜರುಗಿದರೆ, ಎಳೆಗಳೆಲ್ಲ ಗಟ್ಟಿಯಾಗಿದ್ದರೂ ಜೋಡಣೆ ತಪ್ಪುವುದು, ಇದೂ ಹಾಗೆಯೇ. ೫೮೮ ಮಾದರಿಗಳ ಜಾರು ಸೆಕೆಂಡಿನ ೭೫ನೆಯ ಒಂದು ಭಾಗ ಮಾತ್ರ. ಸಂಗೀತಕ್ಕೆ ಬಾಧಕವಿಲ್ಲ, ಆದರೆ ತಾಳೆಸಂಖ್ಯೆ ಕೂಡುವುದಿಲ್ಲ. ಅದಕ್ಕಾಗಿ ಯಂತ್ರದ ಜಾರನ್ನು ಮೊದಲೇ ತಿಳಿದು ಸರಿಪಡಿಸಿಕೊಳ್ಳುತ್ತಾರೆ.

ಈ ಸಾಕ್ಷ್ಯಕ್ಕೂ ಮಿತಿಯುಂಟು. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ‘ಕಿಸ್ಮತ್’ (೧೯೪೩) ಚಿತ್ರಕ್ಕೆ ಹಾಡಿದ ಕಾಲದಲ್ಲಿ ಸಿ.ಡಿ. ಇರಲಿಲ್ಲ, ಅದು ಪೇಟೆಗೆ ಬಂದುದು ೧೯೮೨ರಲ್ಲಿ. ಹಳೆಯ ತಟ್ಟೆಯಿಂದ ಸಿ.ಡಿ.ಗೆ ಏರಿಸುವಾಗ ವೇಗವೇ ತಪ್ಪಿದ್ದರೆ ಆ ತಪ್ಪನ್ನೂ ‘ಅಕ್ಯುರೇಟ್‌ರಿಪ್’ ಶುದ್ಧವೆಂದೇ ಹೇಳುವುದು. ‘ಫ್ಲ್ಯಾಕ್’ ಕಡತದೊಳಗಿನ ಪರೀಕ್ಷಾಸಂಖ್ಯೆಯೂ ಇಳಿಸಿದ ಮೇಲೆ ಬದಲಾವಣೆ ಆಗಿಲ್ಲವೆಂದಷ್ಟೆ ಸಾರುತ್ತದೆ. ಇಳಿಸಿದ್ದು ಸರಿಯೇ ಎಂಬುದನ್ನಲ್ಲ.

ಮನೆಯಲ್ಲಿ ಬರೆಸಿದ ಏಕೈಕ ಸಿ.ಡಿ.ಗೆ ಜಗತ್ತಿನಲ್ಲಿ ಬೇರೆ ಸಾಕ್ಷಿಯೇ ಇಲ್ಲ. ಹುನಗುಂದದ ಒಂದು ಮನೆಯಿಂದ ನಮಗೆ ದೊರೆತ ಪಾರಿಜಾತದ ಸಿ.ಡಿ. ಅಂಥದು; ಹಾಡಿದವರು ಈಗಿಲ್ಲ. ಎರಡು ಬೇರೆ ಕಂಪನಿಗಳ ಯಂತ್ರಗಳಿಂದ ಅದನ್ನು ಓದಿಸಿ, ಜಾರನ್ನು ಸರಿಪಡಿಸಿ, ಪ್ರತಿಗಳನ್ನು ಹೋಲಿಸಿದೆವು. ಮೂರು ಕಡೆ ಭೇದ ಕಂಡಿತು. ತಟ್ಟೆಯನ್ನು ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ನಿಧಾನಗತಿಯಲ್ಲಿ ಮತ್ತೆ ಓದಿಸಲು ಎರಡು ಕಡೆ ಪಾಠ ಕೂಡಿತು. ಉಳಿದ ಒಂದು ಎರಡನೆಯ ಪದದ ಕೊನೆಯಲ್ಲಿದೆ. ಎರಡು ಪಾಠಗಳನ್ನೂ ಉಳಿಸಿ, ಆ ಸ್ಥಳದ ನಿಮಿಷ ಸೆಕೆಂಡುಗಳನ್ನು ವಿವರಪತ್ರದಲ್ಲಿ ಬರೆದು, ಸಿ.ಡಿ.ಯನ್ನು ತಂಪಾದ ಕತ್ತಲೆಯ ಪೆಟ್ಟಿಗೆಯಲ್ಲಿ ಇರಿಸಿದ್ದೇವೆ.