ಭಾರವಾದ ಲೆನ್ಸಿಗೆ ಒಂಟಿಕಾಲಿನ ಆಸರೆ

ಪಕ್ಷಿಗಳ ಛಾಯಾಚಿತ್ರ ತೆಗೆಯುವ ಹವ್ಯಾಸವು ಈಗ ಅನೇಕ ಗೃಹಸ್ಥರನ್ನು ಆಕರ್ಷಿಸಿದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನೇ ನೋಡಿರಿ. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಆ ಸ್ಥಳದಲ್ಲಿ ಹಕ್ಕಿಗಳು ಕಾವೇರಿಯ ನಡುಗಡ್ಡೆಗಳ ಮೇಲೆ ಗೂಡು ಕಟ್ಟುತ್ತವೆ. ಗೂಡಿನ ಸಮೀಪಕ್ಕೆ ನಾವು ಹೋಗಲಾಗದು, ಹೋಗಲೂಬಾರದು. ಆದಕಾರಣ 300ರಿಂದ 600 ಮಿಲಿಮೀಟರಿನ ದೂರದರ್ಶಕ ಲೆನ್ಸುಗಳು ಬೇಕಾಗುತ್ತವೆ. ಇವುಗಳಲ್ಲಿ ಅನೇಕವು 2ರಿಂದ 4 ಕಿಲೋಗ್ರಾಂ ತೂಗುವುವು.

ಇಷ್ಟು ಭಾರವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿಯೇ ತೋಳು ನಡುಗತೊಡಗುತ್ತದೆ. ಲೆನ್ಸಾದರೋ ಹಕ್ಕಿಯನ್ನು ದೊಡ್ಡದಾಗಿಸುವಂತೆ ಆ ನಡುಕವನ್ನೂ ದೊಡ್ಡದಾಗಿಸುತ್ತದೆ. 500 ಮಿಲಿಮೀಟರಿನ ಲೆನ್ಸನ್ನು ಕೈಯಲ್ಲಿ ಹಿಡಿದು ತೆಗೆಯುವಾಗ ಶಟರಿನ ಕಾಲವು ಸೆಕೆಂಡಿನ 1/500 ಭಾಗಕ್ಕಿಂತ ಹೆಚ್ಚಾಗಿರಬಾರದೆಂಬುದು ಹಳೆಯ ನಿಯಮ. ಮುಂಜಾನೆಯ ಮಂದ ಬೆಳಕಿನಲ್ಲಿ ಅದು ಯಾವಾಗಲೂ ಸಾಧ್ಯವಾಗುವುದಿಲ್ಲ. ಮೂರು ಕಾಲಿನ ಟ್ರೈಪಾಡ್ ಸ್ಥಿರವಾದುದೇನೋ ನಿಜ; ಆದರೆ ಇಕ್ಕಟ್ಟಾದ ಹಾದಿಯಲ್ಲಿ ಅದನ್ನು ಬಿಡಿಸಿ ನಿಲ್ಲಿಸುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ.

ಇಲ್ಲಿ ಉಪಯೋಗಕ್ಕೆ ಬರುವುದು ಮಾನೋಪಾಡ್, ಎಂದರೆ ಒಂದೇ ಕಾಲಿನ ಕೋಲು. ಈ ಹೆಸರಿನಲ್ಲಿರುವ ಗ್ರೀಕ್ ಶಬ್ದಕ್ಕೂ ನಮ್ಮ ‘ಪಾದ’ಕ್ಕೂ ಮೂಲ ಒಂದೇ. ಇದು ಭಾರವನ್ನು ಹೊರುತ್ತದೆ, ಮೇಲುಕೆಳಗಿನ ಅಲುಗಾಟವನ್ನು ತಡೆಯುತ್ತದೆ; ಎಡಬಲಗಳ ತೂಗಾಟವನ್ನು ಮಾತ್ರ ಪೂರ್ತಿಯಾಗಿ ತಡೆಯಲಾರದು. ಅದನ್ನು ನಿಲ್ಲಿಸಬೇಕಾದವರು ನಾವೇ. ಈ ಭೇದವನ್ನು ತಿಳಿದೇ ಕೊಳ್ಳತಕ್ಕದ್ದು.

ಮೊದಲು ಕ್ಯಾಮೆರಾ ಮತ್ತು ಲೆನ್ಸುಗಳನ್ನು ಒಟ್ಟಿಗೆ ತೂಗಿರಿ. ಅದರ ಎರಡರಷ್ಟು ಭಾರವನ್ನು ತಾಳಬಲ್ಲ ಕೋಲನ್ನೇ ಆರಿಸುವುದು ಕ್ಷೇಮ. ಎತ್ತರವು ನಿಂತವರ ಕಣ್ಣಿನ ಮಟ್ಟಕ್ಕಿಂತ ಒಂದು ಗೇಣು ಹೆಚ್ಚಾಗಿದ್ದರೆ ಲೇಸು. ಮರದ ತುದಿಯ ಹಕ್ಕಿಗೆ ಲೆನ್ಸನ್ನು ಮೇಲಕ್ಕೆತ್ತಿದಾಗ ಕ್ಯಾಮೆರಾ ಕೆಳಕ್ಕೆ ಇಳಿಯುತ್ತದಷ್ಟೆ. ಒಂದರೊಳಗೊಂದು ಸೇರುವ ಕೊಳವೆಗಳು ಕಡಿಮೆಯಿದ್ದಷ್ಟೂ ಕೋಲು ಗಟ್ಟಿ. ಅಂಗಡಿಯಲ್ಲಿಯೇ ಪೂರ್ತಿ ಉದ್ದಮಾಡಿ, ಬಿಗಿಸಿ, ಮೇಲಿನಿಂದ ಒತ್ತಿ ನೋಡಿರಿ. ಜಾರಿದರೆ ಅಥವಾ ಬಾಗಿದರೆ ಅಂತಹದು ಬೇಡ. ಕಾರ್ಬನ್ ಹಗುರ, ಆದರೆ ಬೆಲೆ ಹೆಚ್ಚು. ಮಿತವ್ಯಯಿಗಳಿಗೆ ಅಲ್ಯೂಮಿನಿಯಂ ಸಾಕು. ಕೋಲಿನ ತಲೆಯು ಹಿಂದೆಮುಂದೆ ಮಾತ್ರ ಬಾಗುವಂತಿರಲಿ. ಎಲ್ಲ ದಿಕ್ಕಿಗೂ ತಿರುಗುವ ಗುಂಡಿನ ತಲೆಯಾದರೆ ಭಾರದ ಲೆನ್ಸು ಪಕ್ಕಕ್ಕೆ ವಾಲಿಬಿಡುವ ಅಪಾಯವುಂಟು.

ಕೋಲಿಗೆ ಜೋಡಿಸತಕ್ಕದ್ದು ಲೆನ್ಸಿನ ಪಟ್ಟಿಗಿರುವ ಪಾದವನ್ನು, ಕ್ಯಾಮೆರಾದ ತಳವನ್ನಲ್ಲ. ಇಲ್ಲವಾದರೆ ಲೆನ್ಸಿನ ಭಾರವೆಲ್ಲ ಅವೆರಡೂ ಕೂಡುವ ಬಳೆಯ ಮೇಲೆ ಬೀಳುತ್ತದೆ. ತಿರುಪುಗಳಲ್ಲಿ 1/4 ಅಂಗುಲ, 3/8 ಅಂಗುಲ ಎಂದು ಎರಡು ಅಳತೆಗಳಿವೆ, ನೋಡಿಕೊಂಡು ಕೊಳ್ಳಿರಿ.

ಉಪಯೋಗಿಸುವಾಗ ದಪ್ಪ ಕೊಳವೆಗಳನ್ನು ಮೊದಲು ಎಳೆಯಬೇಕು. ಕೋಲಿನ ತುದಿಯನ್ನು ಸ್ವಲ್ಪ ಮುಂದಿಟ್ಟು, ಕಾಲುಗಳನ್ನು ಅಗಲಿಸಿ, ಮೈಯನ್ನು ತುಸು ಮುಂದಕ್ಕೆ ವಾಲಿಸಿದರೆ ನಮ್ಮ ಎರಡು ಕಾಲುಗಳೂ ಕೋಲೂ ಸೇರಿ ಮೂರು ಕಾಲಾಗುವುವು. ಎಡಗೈಯನ್ನು ಲೆನ್ಸಿನ ಮೇಲಿಟ್ಟು ಮೆಲ್ಲನೆ ಕೆಳಕ್ಕೆ ಒತ್ತಿ, ಮೊಣಕೈಗಳನ್ನು ಪಕ್ಕೆಗೆ ಸೇರಿಸಿ, ಉಸಿರನ್ನು ನಿಧಾನವಾಗಿ ಬಿಟ್ಟು ಗುಂಡಿಯನ್ನು ಒತ್ತಿರಿ. ದೋಣಿಯಲ್ಲಿ ಮಾತ್ರ ಹಲಗೆಯ ಅಲುಗಾಟವು ಕೋಲಿನ ಮೂಲಕವೇ ಮೇಲೇರುವುದರಿಂದ, ಚಿತ್ರ ತೆಗೆಯುವ ಕ್ಷಣದಲ್ಲಿ ತುದಿಯನ್ನು ತುಸು ಮೇಲಕ್ಕೆತ್ತಿ ಹಿಡಿಯುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಕೋಲು ತಾನಾಗಿ ನಿಲ್ಲುವುದಿಲ್ಲ. ಬೆವರು ಒರಸಿಕೊಳ್ಳಲೆಂದೂ ಕೈ ಬಿಡಬಾರದು. ವರ್ಷಗಟ್ಟಲೆ ಕೂಡಿಸಿದ ಹಣದ ಲೆನ್ಸು ಕಲ್ಲಿನ ಮೇಲೆ ಬಿದ್ದರೆ, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂಬ ಗಾದೆ ಅಕ್ಷರಶಃ ಸತ್ಯವಾಗುವುದು. ಮನೆಗೆ ಬಂದ ಮೇಲೆ ಕೋಲನ್ನು ಪೂರ್ತಿ ಬಿಡಿಸಿ, ಮರಳು ಕೆಸರುಗಳನ್ನು ಒರಸಿ, ಒಣಗಿಸಿಯೇ ಮಡಿಸಿಡಿರಿ.

ಇರುಳಿನಲ್ಲಿ ಹಲವು ಸೆಕೆಂಡುಗಳ ಕಾಲ ಶಟರ್ ತೆರೆದಿಡುವ ಚಿತ್ರಗಳಿಗೆ ಟ್ರೈಪಾಡೇ ಬೇಕು. ಆದರೆ ಹಗಲಿನಲ್ಲಿ ಹಕ್ಕಿಗಾಗಿ ಗಂಟೆಗಟ್ಟಲೆ ಕಾಯುವಾಗ ಈ ಕೋಲಿನಿಂದಾಗುವ ಉಪಕಾರ ಅಷ್ಟಿಷ್ಟಲ್ಲ. ತೋಳಿನ ಬಲ ಕುಗ್ಗಿತೆಂದು ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಡಲು ಹೊರಟಿರುವ, ನಮ್ಮಂತೆ ಅರವತ್ತನ್ನು ಮುಟ್ಟಿದವರು, ಅದಕ್ಕೆ ಮುಂಚೆ ಇದನ್ನೊಮ್ಮೆ ಪರೀಕ್ಷಿಸಿ ನೋಡಲಿ.