ಸಕುರ ಹೂವಿನ ನೂರು ಯೆನ್

ಜಪಾನಿನ ನೂರು ಯೆನ್ ನಾಣ್ಯದ ಒಂದು ಮುಖದಲ್ಲಿ ಆ ನಾಡಿನ ಸಕುರ ಹೂಗಳಿವೆ. ಈ ವಿನ್ಯಾಸವು ಜಾರಿಗೆ ಬಂದದ್ದು 1967ರಲ್ಲಿ. ಅದಕ್ಕೆ ಮುನ್ನ ಹತ್ತು ವರ್ಷ ಇದೇ ಮೌಲ್ಯದ ನಾಣ್ಯದಲ್ಲಿ ಶೇ. 60ರಷ್ಟು ಬೆಳ್ಳಿಯಿತ್ತು. ಬೆಳ್ಳಿಯು ದುಬಾರಿಯಾಗಲು, ಶೇ. 75 ತಾಮ್ರ ಹಾಗೂ ಶೇ. 25 ನಿಕ್ಕಲ್ ಮಿಶ್ರಣವನ್ನು ಸರ್ಕಾರ ಆಯ್ದುಕೊಂಡಿತು. ತೂಕ ಮಾತ್ರ ಹಿಂದಿನಂತೆ 4.8 ಗ್ರಾಂ. ನಾಣ್ಯಗಳನ್ನು ಟಂಕಿಸುವ ಒಸಾಕಾ ಟಂಕಸಾಲೆಯ ಆವರಣದಲ್ಲಿಯೇ ಸಕುರ ಮರಗಳ ಸಾಲಿದ್ದು, 1883ರಿಂದ ಹೂಬಿಡುವ ಕಾಲದಲ್ಲಿ ಸಾರ್ವಜನಿಕರಿಗೆ ಪ್ರವೇಶ ನೀಡುವ ಸಂಪ್ರದಾಯವಿದೆ.

ವರ್ತಕರ ದೃಷ್ಟಿಯಿಂದ ಗಮನಾರ್ಹವಾದುದು ಈ ನಾಣ್ಯವನ್ನೇ ಬೆಲೆಯಾಗಿಸಿಕೊಂಡ ವ್ಯಾಪಾರ. 1972ರಲ್ಲಿ ಹಿರೋಷಿಮಾ ಪ್ರಾಂತ್ಯದ ಹಿರೋತಾಕೆ ಯಾನೊ ಎಂಬುವರು ಸಂಚಾರಿ ಮಾರಾಟ ಆರಂಭಿಸಿದರು. ಮುಂದೆ ಅದೇ ದೈಸೊ ಸಂಸ್ಥೆಯಾಯಿತು. ಯಾವ ವಸ್ತುವಾದರೂ ನೂರು ಯೆನ್. ಬೆಲೆಚೀಟಿ ಬೇಡ, ಚೌಕಾಸಿ ಇಲ್ಲ, ಚಿಲ್ಲರೆಯ ತಾಪತ್ರಯವೂ ಇಲ್ಲ. ಬೆಲೆ ಸ್ಥಿರವಾದ ಮೇಲೆ ಲಾಭವೆಲ್ಲ ಖರೀದಿಯಲ್ಲಿಯೇ ಹುಟ್ಟಬೇಕು ಎಂಬುದು ಅನುಭವಿ ವರ್ತಕರಿಗೆ ಹೇಳಬೇಕಾದ ಮಾತಲ್ಲ.

ಆದರೆ ಒಂದೇ ನಾಣ್ಯದ ಈ ಲೆಕ್ಕವನ್ನು ಕೆಡಿಸಿದ್ದು ತೆರಿಗೆ. 1989ರಲ್ಲಿ ಶೇ. 3ರ ಬಳಕೆ ತೆರಿಗೆ ಜಾರಿಯಾದೊಡನೆ ಒಂದು ಯೆನ್‌ನ ಪುಡಿ ನಾಣ್ಯಕ್ಕೆ ಬೇಡಿಕೆ ಹೆಚ್ಚಿತು. ದರವು 1997ರಲ್ಲಿ ಶೇ. 5, 2014ರಲ್ಲಿ ಶೇ. 8, 2019ರಲ್ಲಿ ಶೇ. 10 ಆಯಿತು (ಆಹಾರ ಪದಾರ್ಥಗಳಿಗೆ ಶೇ. 8 ಉಳಿಯಿತು). 2021ರ ಏಪ್ರಿಲ್‌ನಿಂದ ತೆರಿಗೆ ಸೇರಿದ ಒಟ್ಟು ಬೆಲೆಯನ್ನು ತೋರಿಸುವುದೂ ಕಡ್ಡಾಯವಾಯಿತು. ಹೀಗೆ ನೂರು ಯೆನ್ ಅಂಗಡಿಯಲ್ಲಿ ಗ್ರಾಹಕರು ತೆರುವುದು 110 ಯೆನ್! ಇನ್ನೂರು, ಮುನ್ನೂರು ಯೆನ್‌ಗಳ ಸರಕೂ ಅದೇ ಅಂಗಡಿಗಳ ಕಪಾಟು ಸೇರಿದೆ.

ಚಿಲ್ಲರೆ ಸ್ವೀಕಾರಕ್ಕೂ ಅಲ್ಲಿ ಮಿತಿಯುಂಟು. ಒಂದು ಮೌಲ್ಯದ ನಾಣ್ಯಗಳು ಕಾನೂನುಬದ್ಧ ಪಾವತಿಯಾಗುವುದು 20ರವರೆಗೆ ಮಾತ್ರ. ಅದಕ್ಕಿಂತ ಹೆಚ್ಚನ್ನು ವರ್ತಕರು ನಿರಾಕರಿಸಬಹುದು. ನಮ್ಮ 2011ರ ನಾಣ್ಯ ಕಾಯಿದೆಯು ಎಣಿಕೆಯ ಬದಲು ಮೊತ್ತವನ್ನು ಹಿಡಿಯುತ್ತದೆ: ಒಂದು ರೂಪಾಯಿ ಹಾಗೂ ಮೇಲ್ಪಟ್ಟ ನಾಣ್ಯಗಳಿಗೆ 1,000 ರೂಪಾಯಿಗಳ ಮಿತಿ.

ಅಂಗಡಿಕಾರರ ನಿಜವಾದ ತೊಡಕು ಗಲ್ಲಾ ತುಂಬಿದ ಮೇಲಿನದು. ಎಣಿಸುವ, ಸಾಗಿಸುವ ವೆಚ್ಚವನ್ನು ಬ್ಯಾಂಕುಗಳು ಗ್ರಾಹಕರ ಮೇಲೆ ಹೊರಿಸತೊಡಗಿವೆ. 2022ರ ಜನವರಿಯಲ್ಲಿ ಜಪಾನ್ ಪೋಸ್ಟ್ ಬ್ಯಾಂಕ್ ನಾಣ್ಯ ಜಮೆಗೆ ಶುಲ್ಕ ಗೊತ್ತುಪಡಿಸಿದಾಗ, ಎಟಿಎಂ ಮೂಲಕ 25 ನಾಣ್ಯಗಳವರೆಗಿನ ಜಮೆಗೆ ಇಟ್ಟ ದರ 110 ಯೆನ್. ಸಕುರ ಹೂವಿನ ಒಂದೇ ನಾಣ್ಯವನ್ನು ಖಾತೆಗೆ ತುಂಬಿದವರಿಗೆ ಹತ್ತು ಯೆನ್ ಕೈಬಿಟ್ಟಂತಾಯಿತು.